ಫಾರ್ಮ್ಯಾಟ್ ಹೊಡೆಸುವ ಮುಂಚೆ: ಮನೆ ಕಂಪ್ಯೂಟರ್‌ಗೆ ನಿಜಕ್ಕೂ ವೈರಸ್ ಬಂದಿದೆಯಾ ನೋಡುವುದು ಹೇಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಕಂಪ್ಯೂಟರ್‌ಗೆ ಏನೇ ಆದರೂ ಬರುವ ಮಾತು ಒಂದೇ: "ವೈರಸ್ ಬಂದದ್ರೀ, ಫಾರ್ಮ್ಯಾಟ್ ಹೊಡೀಬೇಕು." ಸ್ಲೋ ಆದರೂ ಅದೇ, ತಾನಾಗಿ ಆಫ್ ಆದರೂ ಅದೇ, ಪ್ರಿಂಟರ್ ಮಾತು ಕೇಳದಿದ್ದರೂ ಅದೇ. ಫಾರ್ಮ್ಯಾಟ್ ಹೊಡೆದಾಗ ಮಕ್ಕಳ ಫೋಟೋ, ಹೊಲದ ಪಹಣಿಯ ಸ್ಕ್ಯಾನ್, ಮಾರ್ಕ್ಸ್ ಕಾರ್ಡ್, ಅಂಗಡಿ ಲೆಕ್ಕ ಎಲ್ಲ ಹೋಗುತ್ತದೆ. ಆಮೇಲೆ ಅದೇ ಕ್ರ್ಯಾಕ್ ವಿಂಡೋಸ್ (ಅಂದರೆ ದುಡ್ಡು ಕೊಡದೆ ಬೀಗ ಮುರಿದು ಹಾಕಿದ ಕಳ್ಳ ಪ್ರತಿ), ಅದೇ ಕ್ರ್ಯಾಕ್ ಆಫೀಸ್ ಹಾಕಿ ವಾಪಸ್ ಕೊಡುತ್ತಾರೆ. ವೈರಸ್ ಬಂದಿದ್ದೇ ಆ ಕ್ರ್ಯಾಕ್‌ನಿಂದ ಆಗಿದ್ದರೆ? ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಅದಕ್ಕೇ ಇದನ್ನು ನಿಮಗೆ ಕಣ್ಣಿಗೆ ಕಾಣುವ ಲಕ್ಷಣದ ಪ್ರಕಾರ ಬರೆದಿದ್ದೇನೆ. ನಿಮ್ಮ ತೊಂದರೆ ಯಾವ ತಲೆಬರಹದ ಕೆಳಗೆ ಬರುತ್ತದೋ ಅಲ್ಲಿಗೆ ನೇರ ಹೋಗಿ. ಪ್ರತಿ ಭಾಗದಲ್ಲೂ ದುಡ್ಡು ಖರ್ಚಿಲ್ಲದ ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಹೇಳಿದ್ದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನುಗಳ ಹೆಸರು ಅಲ್ಪಸ್ವಲ್ಪ ಬೇರೆ ಇರಬಹುದು, ಗಾಬರಿ ಬೇಡ.

## ಈ ಎರಡು ಸಂದರ್ಭದಲ್ಲಿ ಓದುತ್ತಾ ಕೂರಬೇಡಿ

ಫೈಲ್‌ಗಳ ಹೆಸರು ಕಣ್ಣೆದುರೇ ಬದಲಾಗುತ್ತಾ, ಒಂದೊಂದಾಗಿ ತೆರೆಯದಂತೆ ಆಗುತ್ತಿದ್ದರೆ ನೆಟ್ ವೈರ್ ಕೀಳಿ, ಹಚ್ಚಿದ ಪೆನ್ ಡ್ರೈವ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್ ತೆಗೆಯಿರಿ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಆಮೇಲೆ ಮೊಬೈಲಿನಲ್ಲಿ ಕೆಳಗಿನ "ಫೈಲ್ ಯಾವುದೂ ತೆರೆಯುತ್ತಿಲ್ಲ" ಭಾಗ ಓದಿ.

ಫೋನಿನಲ್ಲಿ ಯಾರೋ ಹೇಳಿದಂತೆ ಎನಿಡೆಸ್ಕ್ ಥರದ ಸಾಫ್ಟ್‌ವೇರ್ ಹಾಕಿಕೊಂಡು ಅವರ ಕೈಗೆ ಕಂಪ್ಯೂಟರ್ ಕೊಟ್ಟಿದ್ದರೆ, ಅಥವಾ ಖಾತೆಯಿಂದ ದುಡ್ಡು ಹೋಗಿದ್ದರೆ, ಮೊದಲು ನೆಟ್ ಕಟ್ ಮಾಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಬೇಗ ತಿಳಿಸಿದಷ್ಟೂ ಮಧ್ಯದಲ್ಲಿ ತಡೆಯಲು ಅವಕಾಶ ಜಾಸ್ತಿ. ಸ್ಕ್ಯಾನ್ ಮಾಡುವುದು, ಫಾರ್ಮ್ಯಾಟ್ ಹೊಡೆಯುವುದು ಎಲ್ಲ ಆಮೇಲಿನ ಮಾತು.

## ಕಂಪ್ಯೂಟರ್ ತುಂಬಾ ಸ್ಲೋ, ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದೆ, ಮಧ್ಯೆ ಪಟ್ ಅಂತ ಆಫ್ ಆಗುತ್ತದೆ

ಇದಕ್ಕೆ ವೈರಸ್ ಕಾರಣ ಆಗಿರುವುದು ಕಡಿಮೆ. ಮೊದಲು ಯಾವ ತಿಂಗಳು ಅಂತ ನೋಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಗೋಡೆಯ ಪಕ್ಕ, ಮೇಜಿನ ಕೆಳಗೆ ಗಾಳಿ ಆಡದ ಕಡೆ ಇಟ್ಟ ಸಿಪಿಯು ಡಬ್ಬದೊಳಗೆ ಅದಕ್ಕಿಂತ ಜಾಸ್ತಿ ಕಾವು ಇರುತ್ತದೆ. ಪ್ರೊಸೆಸರ್ ಕಾದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ, ಇನ್ನೂ ಕಾದರೆ ಆಫ್ ಆಗಿಬಿಡುತ್ತದೆ. ಬೆಳಿಗ್ಗೆ ಆರು ಗಂಟೆಗೆ ಚಾಲೂ ಮಾಡಿ ನೋಡಿ. ತಂಪಿನಲ್ಲಿ ಚೆನ್ನಾಗಿ ಓಡಿ ಮಧ್ಯಾಹ್ನ ತೆವಳಿದರೆ ಅದು ಶಾಖದ ಸಮಸ್ಯೆ. ವೈರಸ್‌ಗೆ ಬೆಳಿಗ್ಗೆ ಮಧ್ಯಾಹ್ನ ಅಂತ ಇರುವುದಿಲ್ಲ ಅಲ್ವಾ.

ಇದರ ಜೊತೆ ಧೂಳು. ಕಲಬುರಗಿ ಕಡೆಯ ಕರಿ ಮಣ್ಣಿನ ಧೂಳಾಗಲಿ, ಬೀದರಿನ ಕೆಂಪು ಮಣ್ಣಿನದಾಗಲಿ, ಪ್ರೊಸೆಸರ್ ಫ್ಯಾನಿನ ಕೆಳಗಿನ ಲೋಹದ ರೆಕ್ಕೆಗಳ ನಡುವೆ ಹತ್ತಿಯ ಹಾಗೆ ಕೂತುಬಿಡುತ್ತದೆ. ಪ್ಲಗ್ ಕಿತ್ತು, ಡಬ್ಬದ ಮುಚ್ಚಳ ತೆಗೆದು, ಮೆತ್ತನೆ ಬ್ರಶ್‌ನಿಂದ ಒರೆಸಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಕರೆಂಟ್ ಬರುವ ಚೌಕ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಅನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಇದಾದ ಮೇಲೂ ಸ್ಲೋ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೇಲೆ ಸಿಪಿಯು (ಇಲ್ಲಿ ಡಬ್ಬ ಅಲ್ಲ, ಪ್ರೊಸೆಸರ್), ಮೆಮೊರಿ, ಡಿಸ್ಕ್ ಅಂತ ಸಾಲು ಇರುತ್ತದೆ. ಯಾವುದು ನೂರರ ಹತ್ತಿರ ನಿಂತಿದೆ ನೋಡಿ.

ಡಿಸ್ಕ್ ನೂರಾಗಿದ್ದು, ಯಂತ್ರದಲ್ಲಿ ಹಳೇ ಹಾರ್ಡ್ ಡಿಸ್ಕ್ ಇದ್ದರೆ ಬಹುತೇಕ ಅದೇ ಕಾರಣ. ಎಸ್‌ಎಸ್‌ಡಿ ಅನ್ನುವ ವೇಗದ ಹೊಸ ಬಗೆಯ ಡಿಸ್ಕ್ ಹಾಕಿಸಿದರೆ ಅದೇ ಕಂಪ್ಯೂಟರ್ ಬೇರೆಯದೇ ಅನ್ನಿಸುತ್ತದೆ. ಡಿಸ್ಕ್‌ನಿಂದ ಕಟ್ ಕಟ್ ಸದ್ದು ಬರುತ್ತಿದ್ದರೆ ಮಾತ್ರ ಬೇರೆಲ್ಲ ನಿಲ್ಲಿಸಿ, ಮೊದಲು ಫೋಟೋ, ಕಾಗದಪತ್ರ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಮೆಮೊರಿ ತುಂಬಿದ್ದರೆ ನಾಲ್ಕು ಜಿಬಿ ರ್‍ಯಾಮ್‌ನಲ್ಲಿ ಕ್ರೋಮ್‌ನ ಇಪ್ಪತ್ತು ಟ್ಯಾಬ್ ತೆರೆದಿಟ್ಟಿದ್ದೀರಾ ನೋಡಿ. ಎರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಒಂದನ್ನು ತೆಗೆಯಿರಿ. ಎರಡೂ ಒಂದೇ ಫೈಲ್ ಹಿಡಿದು ಎಳೆದಾಡುತ್ತವೆ.

ಪಟ್ಟಿಯಲ್ಲಿ "ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್" ಅಂತ ಒಂದು ಕಾಣುತ್ತದೆ. ಬಹಳ ಜನ ಇದನ್ನೇ ವೈರಸ್ ಅಂದುಕೊಂಡು ನಿಲ್ಲಿಸಲು ನೋಡುತ್ತಾರೆ. ಅದು ವಿಂಡೋಸ್‌ನ ಸ್ವಂತ ಕಾವಲು ಡಿಫೆಂಡರ್. ಮುಟ್ಟಬೇಡಿ.

ಹಾಗಾದರೆ ಅನುಮಾನ ಪಡಬೇಕಾದ್ದು ಯಾವಾಗ? ನೀವೇನೂ ಮಾಡದೆ ಸುಮ್ನೆ ಇಟ್ಟಾಗ ಫ್ಯಾನ್ ಕಿರುಚುತ್ತಿರುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಶಾಂತವಾಗುತ್ತದೆ, ಮುಚ್ಚಿದರೆ ಮತ್ತೆ ಶುರು. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಬೇರೆಯವರಿಗೆ ಕ್ರಿಪ್ಟೋ ನಾಣ್ಯ ಗಣಿ ಮಾಡುವ ಕೆಲವು ಕಳ್ಳ ಸಾಫ್ಟ್‌ವೇರ್ ಹೀಗೇ ಅಡಗುತ್ತವೆ. ಅಥವಾ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದು ಪ್ರೋಗ್ರಾಂ ಸಿಪಿಯು ತಿನ್ನುತ್ತಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಓಪನ್ ಫೈಲ್ ಲೊಕೇಶನ್" ಒತ್ತಿ. ಟೆಂಪ್ ಫೋಲ್ಡರ್‌ನಲ್ಲೋ ಆ್ಯಪ್‌ಡೇಟಾ ಫೋಲ್ಡರ್‌ನಲ್ಲೋ ಕೂತಿದ್ದರೆ ಅನುಮಾನ ಗಟ್ಟಿ. ಆದರೆ ಒಳ್ಳೆಯ ಸಾಫ್ಟ್‌ವೇರ್‌ಗಳೂ ಕೆಲವು ಆ್ಯಪ್‌ಡೇಟಾದಲ್ಲೇ ಇರುತ್ತವೆ, ಅದಕ್ಕೆ ಅಲ್ಲಿದೆ ಅಂದ ಮಾತ್ರಕ್ಕೆ ಅಳಿಸಬೇಡಿ. ಆ ಫೈಲನ್ನು ವೈರಸ್‌ಟೋಟಲ್ ಸೈಟಿಗೆ ಹಾಕಿ ನೋಡಿ, ಹತ್ತಾರು ಆಂಟಿವೈರಸ್‌ಗಳು ಅದನ್ನು ಒಟ್ಟಿಗೆ ಪರೀಕ್ಷಿಸಿ ಹೇಳುತ್ತವೆ. ಒಂದೆರಡು ಕೆಂಪಾದರೆ ತಪ್ಪು ಎಚ್ಚರಿಕೆ ಇರಬಹುದು, ಇಪ್ಪತ್ತು ಕೆಂಪಾದರೆ ಮಾತೇ ಇಲ್ಲ. ಆಧಾರ್, ಪಾಸ್‌ಬುಕ್ ಥರದ ನಿಮ್ಮ ಸ್ವಂತ ದಾಖಲೆಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ. ಅಲ್ಲಿ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ.

## ಯಾವ ಸೈಟ್ ತೆರೆದರೂ "ಕನೆಕ್ಷನ್ ಪ್ರೈವೇಟ್ ಅಲ್ಲ" ಅನ್ನುತ್ತದೆ

ಬಲಗಡೆ ಕೆಳಗೆ ತಾರೀಖು ನೋಡಿ. ಯಾವುದೋ ಹಳೇ ವರ್ಷ ತೋರಿಸುತ್ತಿದ್ದರೆ ಕಾರಣ ಸಿಕ್ಕಿತು. ಸೈಟ್‌ಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ, ತಾರೀಖು ತಪ್ಪಿದ್ದರೆ ಬ್ರೌಸರ್ ಎಲ್ಲವನ್ನೂ ನಕಲಿ ಅಂದುಕೊಳ್ಳುತ್ತದೆ. ಆಂಟಿವೈರಸ್ ಅಪ್‌ಡೇಟ್ ಕೂಡ ಕೈಕೊಡಬಹುದು. ತಾರೀಖು ಸರಿಮಾಡಿ, ಒಮ್ಮೆ ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಾಲೂ ಮಾಡಿ. ತಾರೀಖು ಮತ್ತೆ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದ ಆಕಾರದ ಬ್ಯಾಟರಿ ಸತ್ತಿದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್‌ನದು. ದಿನಾ ರಾತ್ರಿ ಬೋರ್ಡಿನ ಸ್ವಿಚ್ ಆಫ್ ಮಾಡುವ, ಕರೆಂಟ್ ಹೋಗಿ ಬರುವ ಮನೆಗಳಲ್ಲಿ ಈ ಬ್ಯಾಟರಿ ಬೇಗ ಮುಗಿಯುತ್ತದೆ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಇಷ್ಟಕ್ಕೆ ಫಾರ್ಮ್ಯಾಟ್ ಹೊಡೆಸುವವರನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.

ತಾರೀಖು ಸರಿ ಇದ್ದೂ ಬ್ಯಾಂಕಿನ ಸೈಟ್ ಒಂದರಲ್ಲೇ ಈ ಎಚ್ಚರಿಕೆ ಬಂದರೆ ಮುಂದಕ್ಕೆ ಹೋಗಬೇಡಿ, ಪಾಸ್‌ವರ್ಡ್ ಹಾಕಬೇಡಿ.

## ಮೂಲೆಯಲ್ಲಿ ಪದೇ ಪದೇ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ" ಅಂತ ಚೀಟಿ ಬರುತ್ತದೆ

ಹೆಚ್ಚಿನ ಸಲ ಕಂಪ್ಯೂಟರ್‌ನಲ್ಲಿ ಏನೂ ಇರುವುದಿಲ್ಲ. ಸಿನಿಮಾ ಡೌನ್‌ಲೋಡ್ ಮಾಡುವ ಸೈಟೋ, ಕ್ರಿಕೆಟ್ ಪುಕ್ಕಟೆ ತೋರಿಸುವ ಸೈಟೋ ತೆರೆದಾಗ "ಅಲೋ" ಒತ್ತಿ ಅಂದಿರುತ್ತದೆ, ಮನೆಯಲ್ಲಿ ಯಾರೋ ಒತ್ತಿರುತ್ತಾರೆ. ಅವತ್ತಿನಿಂದ ಆ ಸೈಟಿಗೆ ನಿಮ್ಮ ತೆರೆಯ ಮೇಲೆ ಚೀಟಿ ಅಂಟಿಸಲು ಪರವಾನಗಿ ಸಿಕ್ಕಿರುತ್ತದೆ.

ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. "ಅಲೋ" ಪಟ್ಟಿಯಲ್ಲಿ ಪರಿಚಯವಿಲ್ಲದ ಸೈಟ್ ಎಲ್ಲ ತೆಗೆದುಹಾಕಿ. ಎಡ್ಜ್‌ನಲ್ಲೂ ಹೀಗೇ ಇದೆ. ಚೀಟಿ ನಿಂತರೆ ಕೆಲಸ ಮುಗಿಯಿತು. ಚೀಟಿಯನ್ನು ಒತ್ತಿ ಅದು ಹೇಳಿದ "ಕ್ಲೀನರ್" ಡೌನ್‌ಲೋಡ್ ಮಾಡಿ ಹಾಕಿಕೊಂಡಿದ್ದರೆ ಮಾತ್ರ ಆಫ್‌ಲೈನ್ ಸ್ಕ್ಯಾನ್ ಬೇಕು, ಅದು ಕೆಳಗೆ ಡಿಫೆಂಡರ್ ಭಾಗದಲ್ಲಿದೆ.

## ತೆರೆ ತುಂಬಾ ಎಚ್ಚರಿಕೆ, ಬೀಪ್ ಸದ್ದು, ಜೊತೆಗೆ ಒಂದು ಫೋನ್ ನಂಬರ್

ಇದು ಬರೀ ಒಂದು ವೆಬ್ ಪುಟ. ಮೌಸ್ ಸಿಕ್ಕಿಹಾಕಿಕೊಂಡ ಹಾಗೆ, ಕಂಪ್ಯೂಟರ್ ಲಾಕ್ ಆದ ಹಾಗೆ ಕಾಣಿಸುವಂತೆ ಮಾಡಿರುತ್ತಾರೆ. ಒಂದು ವಿಷಯ ಮನೆಮಂದಿಗೆಲ್ಲ ಹೇಳಿಡಿ: ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಯಾವತ್ತೂ ಫೋನ್ ನಂಬರ್ ಇರುವುದಿಲ್ಲ. ನಂಬರ್ ಇದ್ದರೆ ಮೋಸ.

ಎಸ್ಕೇಪ್ ಒತ್ತಿ ಸ್ವಲ್ಪ ಹೊತ್ತು ಹಿಡಿಯಿರಿ, ಪೂರ್ತಿ ತೆರೆಯಿಂದ ಹೊರಗೆ ಬರುತ್ತದೆ. ಆಗ ಟ್ಯಾಬ್ ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಬ್ರೌಸರ್ ಮೇಲೆ "ಎಂಡ್ ಟಾಸ್ಕ್" ಕೊಡಿ. ಮತ್ತೆ ತೆರೆದಾಗ ಹಳೇ ಪುಟಗಳನ್ನು ರಿಸ್ಟೋರ್ ಮಾಡಲಾ ಅಂದರೆ ಬೇಡ ಅನ್ನಿ. ಫೋನ್ ಮಾಡದಿದ್ದರೆ, ಏನೂ ಇನ್‌ಸ್ಟಾಲ್ ಮಾಡದಿದ್ದರೆ ನಿಮಗೆ ನಷ್ಟವಿಲ್ಲ.

ಹೊಸಾದಾಗಿ ಬಂದಿರುವ ಇನ್ನೊಂದು ಮೋಸ ಇದಕ್ಕಿಂತ ಅಪಾಯ. "ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ" ಅನ್ನುತ್ತದೆ. ಆಮೇಲೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನುತ್ತದೆ. ನೀವು ಗಮನಿಸದಂತೆ ಪುಟ ಮೊದಲೇ ಒಂದು ಆಜ್ಞೆಯನ್ನು ಕಾಪಿ ಮಾಡಿಟ್ಟಿರುತ್ತದೆ, ಅದನ್ನು ನಿಮ್ಮ ಕೈಯಿಂದಲೇ ಓಡಿಸುತ್ತದೆ. ನೀವೇ ಓಡಿಸಿದ್ದರಿಂದ ಆಂಟಿವೈರಸ್ ಕಣ್ಣಿಗೆ ಬೀಳದೆಯೂ ಹೋಗಬಹುದು. ಯಾವ ನಿಜವಾದ ಸೈಟೂ ಹೀಗೆ ಕೇಳುವುದಿಲ್ಲ. ಹೀಗೆ ಮಾಡಿಬಿಟ್ಟಿದ್ದರೆ ನೆಟ್ ಕಟ್ ಮಾಡಿ, ಮುಂದಿನ "ನಾನು ಕಳಿಸದ ಮೆಸೇಜ್" ಭಾಗಕ್ಕೆ ಹೋಗಿ.

## ಹುಡುಕಿದರೆ ಬೇರೆ ಸೈಟಿಗೆ ಹೋಗುತ್ತದೆ, ಹೋಮ್ ಪೇಜ್ ತಾನಾಗಿ ಬದಲಾಗಿದೆ

ಮೊದಲು ಅದೇ ವೈಫೈನಲ್ಲಿ ಮೊಬೈಲಿನಿಂದ ಹುಡುಕಿ ನೋಡಿ. ಮೊಬೈಲಿನಲ್ಲೂ ಬೇರೆ ಕಡೆ ಎಳೆದುಕೊಂಡು ಹೋದರೆ ತಪ್ಪು ಕಂಪ್ಯೂಟರಿನದಲ್ಲ, ರೌಟರಿನದು. ರೌಟರ್ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ ಹಾಕಿ ರೀಸೆಟ್ ಮಾಡಿ, ನೆಟ್ ಹಾಕಿಕೊಟ್ಟವರನ್ನು ಕರೆದು ಮತ್ತೆ ಹೊಂದಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಬಹಳ ಮನೆಗಳಲ್ಲಿ ಅದು ಡಬ್ಬದಲ್ಲಿ ಬಂದ ಹಾಗೇ ಇರುತ್ತದೆ.

ಕಂಪ್ಯೂಟರ್ ಒಂದರಲ್ಲೇ ಆದರೆ ಬ್ರೌಸರ್‌ನ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಅಂಟಿಸಿಕೊಂಡ ಸಣ್ಣ ಸಾಫ್ಟ್‌ವೇರ್) ಪಟ್ಟಿ ತೆರೆದು ಬೇಡದ್ದೆಲ್ಲ ತೆಗೆಯಿರಿ. ಪಿಡಿಎಫ್ ಬದಲಿಸುವುದು, ವಿಡಿಯೋ ಇಳಿಸುವುದು ಅಂತ ಹಾಕಿಕೊಂಡವೇ ಸಾಮಾನ್ಯವಾಗಿ ತೊಂದರೆ ಕೊಡುವುದು. ಆಮೇಲೆ ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಐಕಾನ್‌ಗೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟಾರ್ಗೆಟ್ ಸಾಲಿನ ಕೊನೆಗೆ ಯಾವುದಾದರೂ ಸೈಟಿನ ವಿಳಾಸ ಅಂಟಿಸಿದ್ದಾರಾ ನೋಡಿ. ಇದ್ದರೆ ಅಷ್ಟನ್ನು ಅಳಿಸಿ. ಕ್ರೋಮ್ ಮೆನುವಿನ ಕೊನೆಯಲ್ಲಿ "ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ" ಎನ್ನುವ ಅರ್ಥದ ಸಾಲು ಮನೆ ಕಂಪ್ಯೂಟರಿನಲ್ಲಿ ಕಂಡರೆ ಎಚ್ಚರ. ಕೆಲವು ಆಂಟಿವೈರಸ್‌ಗಳೂ ಇದಕ್ಕೆ ಕಾರಣ ಆಗುತ್ತವೆ, ಆದರೆ ಅಂಥದ್ದೇನೂ ನೀವು ಹಾಕಿಲ್ಲದಿದ್ದರೆ ಯಾವುದೋ ಸಾಫ್ಟ್‌ವೇರ್ ಬ್ರೌಸರ್‌ಗೆ ಕಟ್ಟುಪಾಡು ಹಾಕಿ ಕೂತಿದೆ ಅಂತ ಅರ್ಥ. ಆಡ್ವ್‌ಕ್ಲೀನರ್ ಅನ್ನುವ ಪುಕ್ಕಟೆ ಸಾಧನವನ್ನು ಮಾಲ್‌ವೇರ್‌ಬೈಟ್ಸ್‌ನ ಸ್ವಂತ ಸೈಟಿನಿಂದಲೇ ಇಳಿಸಿ ಓಡಿಸಿ.

## ಪೆನ್ ಡ್ರೈವ್‌ನಲ್ಲಿ ಫೋಲ್ಡರ್ ಎಲ್ಲ ಶಾರ್ಟ್‌ಕಟ್ ಆಗಿವೆ

ನಮ್ಮೂರುಗಳಲ್ಲಿ ಇದು ಇನ್ನೂ ಜೀವಂತ. ಜಾತಿ ಆದಾಯ ಪ್ರಮಾಣಪತ್ರ, 371ಜೆ ಸರ್ಟಿಫಿಕೇಟ್, ಪ್ರಾಜೆಕ್ಟ್ ರಿಪೋರ್ಟ್, ಏನೇ ಪ್ರಿಂಟ್ ಬೇಕಾದರೂ ಪೆನ್ ಡ್ರೈವ್ ಹಿಡಿದು ಝೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ಅಲ್ಲಿನ ಒಂದು ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಜನರ ಡ್ರೈವ್ ಹಚ್ಚುತ್ತಾರೋ ಲೆಕ್ಕವಿಲ್ಲ. ಅಂಗಡಿಯವರ ತಪ್ಪು ಅಂತ ಅಲ್ಲ, ಒಬ್ಬರದ್ದು ಕೆಟ್ಟಿದ್ದರೆ ಎಲ್ಲರಿಗೂ ಹಂಚಿಹೋಗುತ್ತದೆ.

ಇದು ಕೆಲಸ ಮಾಡುವ ರೀತಿ ತಿಳಿದರೆ ಹೆದರಿಕೆ ಅರ್ಧ ಹೋಗುತ್ತದೆ. ಹಿಂದೆ ಪೆನ್ ಡ್ರೈವ್ ಹಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ 7ರಲ್ಲಿ ನಿಲ್ಲಿಸಿತು, 2011ರಲ್ಲಿ ಹಳೇ ಎಕ್ಸ್‌ಪಿಗೂ ಅಪ್‌ಡೇಟ್ ಕೊಟ್ಟಿತು. ಆಮೇಲೆ ವೈರಸ್‌ಗೆ ನಿಮ್ಮ ಡಬಲ್ ಕ್ಲಿಕ್ ಬೇಕಾಯಿತು. ಅದಕ್ಕೇ ಅದು ನಿಮ್ಮ ಫೋಲ್ಡರ್ ಬಚ್ಚಿಟ್ಟು, ಅದೇ ಹೆಸರಿನ, ಅದೇ ಚಿತ್ರದ ಶಾರ್ಟ್‌ಕಟ್ ಅಲ್ಲಿಡುತ್ತದೆ. ನೀವು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಚಿತ್ರದ ಎಡ ಮೂಲೆಯಲ್ಲಿರುವ ಸಣ್ಣ ಬಾಣವೇ ಗುರುತು.

ಅಂದರೆ ನಿಮ್ಮ ಫೈಲ್ ಎಲ್ಲೂ ಹೋಗಿಲ್ಲ. ಶಾರ್ಟ್‌ಕಟ್ ಮುಟ್ಟದೆ ಫೈಲ್ ಎಕ್ಸ್‌ಪ್ಲೋರರ್‌ನ "ವ್ಯೂ" ಮೆನುವಿನಲ್ಲಿ "ಹಿಡನ್ ಐಟಮ್ಸ್" ಟಿಕ್ ಮಾಡಿ. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್ ತೆರೆದು "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಎದುರಿನ ಟಿಕ್ ತೆಗೆಯಿರಿ. ಮಸುಕಾದ ಬಣ್ಣದಲ್ಲಿ ನಿಮ್ಮ ಫೋಲ್ಡರ್‌ಗಳು ಕಾಣುತ್ತವೆ. ಕೆಲವು ಸಲ ಹೆಸರೇ ಇಲ್ಲದ ಒಂದು ಮಸುಕು ಫೋಲ್ಡರ್ ಮಾತ್ರ ಇರುತ್ತದೆ. ಚಿತ್ರದ ಕೆಳಗೆ ಖಾಲಿ, ಅಷ್ಟೇ. ಅದನ್ನು ತೆರೆದರೆ ಒಳಗೆ ಎಲ್ಲವೂ ಭದ್ರವಾಗಿ ಕೂತಿರುತ್ತದೆ. ನಿಮ್ಮ ಫೋಟೋ, ಪಿಡಿಎಫ್, ವರ್ಡ್ ಫೈಲ್‌ಗಳನ್ನಷ್ಟೇ ಹೊರಗೆ ಕಾಪಿ ಮಾಡಿ. ಇಎಕ್ಸ್‌ಇ, ವಿಬಿಎಸ್, ಜೆಎಸ್ ಅಂತ ಕೊನೆಯಾಗುವ ಯಾವುದನ್ನೂ ತರಬೇಡಿ. ಕಾಪಿ ಆದದ್ದನ್ನು ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ, ಒಂದೆರಡು ಫೈಲ್ ತೆರೆದು ನೋಡಿ, ಆಮೇಲೆ ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಅನ್ನುವುದು ನಿಜಕ್ಕೂ ಸರಿಯಾದ ಮದ್ದು ಆಗುವುದು ಇಲ್ಲಿ.

ಕೊನೆಗೆ ಒಂದು ಪರೀಕ್ಷೆ. ಆ ಖಾಲಿ ಡ್ರೈವ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ತೆಗೆದು, ಮತ್ತೆ ಹಚ್ಚಿ. ಫೋಲ್ಡರ್ ಮತ್ತೆ ಶಾರ್ಟ್‌ಕಟ್ ಆದರೆ ವೈರಸ್ ನಿಮ್ಮ ಕಂಪ್ಯೂಟರ್‌ನೊಳಗೇ ಇದೆ, ಕೆಳಗಿನ ಆಫ್‌ಲೈನ್ ಸ್ಕ್ಯಾನ್ ಮಾಡಬೇಕು. ಆಗದಿದ್ದರೆ ಅಂಗಡಿಯಿಂದ ಬಂದದ್ದು ಡ್ರೈವ್‌ವರೆಗೇ ನಿಂತಿದೆ ಅಂತ ನಂಬಬಹುದು.

ಇನ್ನು ಮುಂದೆ ಪ್ರಿಂಟ್‌ಗೆ ಅಂತಲೇ ಒಂದು ಸಣ್ಣ ಪೆನ್ ಡ್ರೈವ್ ಬೇರೆ ಇಡಿ. ಅದರಲ್ಲಿ ಬೇಕಾದ ಪಿಡಿಎಫ್‌ನ ಕಾಪಿ ಮಾತ್ರ ಇರಲಿ. ಮನೆಗೆ ಬಂದ ಮೇಲೆ ಯಾವ ಫೈಲೂ ತೆರೆಯದೆ ಫಾರ್ಮ್ಯಾಟ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ವೈರಸ್ ತೆಗೆಯುವ ಪುಕ್ಕಟೆ ಸಾಧನಗಳಿವೆ. ವಿಳಾಸ ಸಿಎಸ್‌ಕೆ ಡಾಟ್ ಜಿಒವಿ ಡಾಟ್ ಇನ್.

## ಡಿಫೆಂಡರ್ ಆಫ್ ಆಗಿದೆ, ಆನ್ ಮಾಡಿದರೂ ನಿಲ್ಲುವುದಿಲ್ಲ

ಬೇರೆ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ತಾನೇ ಹಿಂದೆ ಸರಿಯುತ್ತದೆ, ಅದು ಸಹಜ. ಬೇರೇನೂ ಇಲ್ಲದೆ ಆಫ್ ಆಗಿದ್ದರೆ, ಆನ್ ಮಾಡಿದರೂ ಮತ್ತೆ ಆಫ್ ಆಗುತ್ತಿದ್ದರೆ, ನಾನು ಇಡೀ ಪಟ್ಟಿಯಲ್ಲಿ ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುವ ಲಕ್ಷಣ ಇದು.

ವಿಂಡೋಸ್ ಸೆಕ್ಯುರಿಟಿ ತೆರೆದು "ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್" ಒಳಗೆ "ಮ್ಯಾನೇಜ್ ಸೆಟ್ಟಿಂಗ್ಸ್" ಒತ್ತಿ, ಕೆಳಗೆ "ಎಕ್ಸ್‌ಕ್ಲೂಶನ್ಸ್" ಅಂತ ಇರುತ್ತದೆ. ಇದನ್ನು ತೆರೆದು ನೋಡುವವರು ಬಹಳ ಕಡಿಮೆ. ಡಿಫೆಂಡರ್ ಇಣುಕಿ ನೋಡಬಾರದು ಅಂತ ಬಿಟ್ಟ ಜಾಗಗಳ ಪಟ್ಟಿ ಅದು. ಮನೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಖಾಲಿ ಇರಬೇಕು. ಅಲ್ಲಿ ಸಿ ಡ್ರೈವ್ ಪೂರ್ತಿಯೋ, ಟೆಂಪ್ ಫೋಲ್ಡರೋ, ಇಎಕ್ಸ್‌ಇ ಅನ್ನುವ ಬಗೆಯೇ ಪೂರ್ತಿಯಾಗಿಯೋ ಸೇರಿದ್ದರೆ ಯಾರೋ ಬೇಕಂತಲೇ ಹಾಕಿದ್ದಾರೆ. ಬಹಳ ಸಲ ಅದು ವಿಂಡೋಸ್ ಅಥವಾ ಆಫೀಸ್ "ಆ್ಯಕ್ಟಿವೇಟ್" ಮಾಡಲು ಓಡಿಸಿದ ಕ್ರ್ಯಾಕ್. ಫೋಟೋಶಾಪ್, ಲೆಕ್ಕದ ಸಾಫ್ಟ್‌ವೇರ್, ಆಟಗಳ ಕ್ರ್ಯಾಕ್ ಕೂಡ ಇದೇ ಕೆಲಸ ಮಾಡುತ್ತವೆ. "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಯಾವ ಸಾಫ್ಟ್‌ವೇರ್ ಕೇಳುತ್ತದೋ ಅದನ್ನು ಹಾಕಲೇಬೇಡಿ, ಕೊಟ್ಟವರು ಎಷ್ಟೇ ಪರಿಚಯದವರಾಗಿರಲಿ.

ಪಟ್ಟಿ ಖಾಲಿ ಮಾಡಿ. "ಟ್ಯಾಂಪರ್ ಪ್ರೊಟೆಕ್ಷನ್" ಆನ್ ಮಾಡಿ. ಕ್ರ್ಯಾಕ್ ತೆಗೆಯಿರಿ. ಆಮೇಲೆ "ಸ್ಕ್ಯಾನ್ ಆಪ್ಷನ್ಸ್" ಒಳಗೆ "ಆಫ್‌ಲೈನ್ ಸ್ಕ್ಯಾನ್" ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ವೈರಸ್ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಅಡಗಲು ಆಗುವುದಿಲ್ಲ. ಮಧ್ಯೆ ಕರೆಂಟ್ ಹೋಗಬಾರದು, ಯುಪಿಎಸ್ ಇಲ್ಲದಿದ್ದರೆ ಕರೆಂಟ್ ನಂಬಿಕೆಯಿರುವ ಹೊತ್ತು ನೋಡಿ ಶುರುಮಾಡಿ.

ಎರಡನೇ ಅಭಿಪ್ರಾಯ ಬೇಕಾದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಪುಕ್ಕಟೆ ಸಿಗುತ್ತದೆ. ಇಳಿಸಿದ ಮೇಲೆ 10 ದಿನ ಮಾತ್ರ ನಡೆಯುತ್ತದೆ, ಪ್ರತಿ ಸಲ ಹೊಸದು ಇಳಿಸಿಕೊಳ್ಳಬೇಕು. ಇದೆಲ್ಲ ಮಾಡಿಯೂ ಡಿಫೆಂಡರ್ ಮತ್ತೆ ಆಫ್ ಆದರೆ ಸ್ಕ್ಯಾನ್ ಮಾಡುತ್ತಾ ಕೂರಬೇಡಿ. ವಿಂಡೋಸ್ ಅನ್ನೇ ಹೊಸದಾಗಿ ಹಾಕುವ ಸಮಯ ಬಂದಿದೆ.

## ನಾನು ಕಳಿಸದ ಮೆಸೇಜ್ ನನ್ನ ಹೆಸರಲ್ಲಿ ಹೋಗುತ್ತಿದೆ

ಇನ್‌ಸ್ಟಾಗ್ರಾಂ, ಮೇಲ್, ಫೇಸ್‌ಬುಕ್ ಖಾತೆಗಳು ಒಂದರ ಹಿಂದೆ ಒಂದು ಕೈತಪ್ಪಿದರೆ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ಇದು ಸದ್ದಿಲ್ಲದೆ ಕೆಲಸ ಮಾಡುತ್ತದೆ, ಕಂಪ್ಯೂಟರ್ ಸ್ಲೋ ಕೂಡ ಆಗುವುದಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಜೊತೆಗೆ ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತನ್ನೂ ಎತ್ತಿಕೊಂಡು ಹೋಗುತ್ತದೆ, ಹಾಗಾಗಿ ಓಟಿಪಿ ಇದ್ದರೂ ಕಳ್ಳ ಒಳಗೆ ಬರುತ್ತಾನೆ.

ಇಲ್ಲಿ ಕ್ರಮ ಮುಖ್ಯ. ಅದೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನಿಗೇ ಹೋಗುತ್ತದೆ. ಮೊಬೈಲಿನಿಂದ ಬದಲಿಸಿ, ಅದೂ ಮೊದಲು ಮೇಲ್ ಖಾತೆಯದ್ದು, ಯಾಕೆಂದರೆ ಉಳಿದ ಎಲ್ಲದರ ಕೀಲಿ ಅಲ್ಲಿಗೇ ಬರುತ್ತದೆ. ಪ್ರತಿ ಖಾತೆಯಲ್ಲೂ "ಎಲ್ಲ ಸಾಧನಗಳಿಂದ ಸೈನ್ ಔಟ್" ಒತ್ತಿ. ಬ್ಯಾಂಕ್ ಪಾಸ್‌ವರ್ಡೂ ಬದಲಿಸಿ. ಆಮೇಲೆ ಕಂಪ್ಯೂಟರಿಗೆ ಆಫ್‌ಲೈನ್ ಸ್ಕ್ಯಾನ್. ಬ್ಯಾಂಕ್ ಕೆಲಸ ಮಾಡುವ ಯಂತ್ರ ಆಗಿದ್ದರೆ ಸ್ಕ್ಯಾನ್ ನಂಬಿ ಬಿಡಬೇಡಿ, ವಿಂಡೋಸ್ ಹೊಸದಾಗಿ ಹಾಕಿ.

## ಫೈಲ್ ಯಾವುದೂ ತೆರೆಯುತ್ತಿಲ್ಲ, ಹೆಸರಿನ ಕೊನೆಗೆ ವಿಚಿತ್ರ ಅಕ್ಷರ, ದುಡ್ಡು ಕೇಳುವ ಚೀಟಿ

ಇದು ರ್‍ಯಾನ್ಸಮ್‌ವೇರ್. ಫೈಲ್‌ಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ಜಾತಿಯ ವೈರಸ್. ಮನೆ ಕಂಪ್ಯೂಟರ್‌ಗಳಿಗೆ ಹೆಚ್ಚು ಕಾಟ ಕೊಟ್ಟದ್ದು ಸ್ಟಾಪ್ ಅಥವಾ ಡಿಜೆವಿಯು ಅನ್ನುವ ಜಾತಿ. ಮುಖ್ಯವಾಗಿ ಹರಡಿದ್ದು ಕ್ರ್ಯಾಕ್ ಸಾಫ್ಟ್‌ವೇರ್ ಮೂಲಕವೇ. ಪ್ರತಿ ಫೋಲ್ಡರ್‌ನಲ್ಲೂ "ರೀಡ್‌ಮೀ" ಹೆಸರಿನ ಚೀಟಿ ಬಿಟ್ಟು 980 ಡಾಲರ್ ಕೇಳುತ್ತದೆ, 72 ಗಂಟೆಯೊಳಗೆ ಕೊಟ್ಟರೆ ಅರ್ಧಕ್ಕೆ ಬಿಡುತ್ತೇವೆ ಅನ್ನುತ್ತದೆ. ಆ ಗಡುವು ಇರುವುದು ನಿಮ್ಮನ್ನು ಯೋಚಿಸಲು ಬಿಡಬಾರದು ಅಂತ. ದುಡ್ಡು ಕೊಡಬೇಡಿ. ಕೊಟ್ಟರೂ ಫೈಲ್ ಸಿಗುವ ಖಾತ್ರಿ ಇಲ್ಲ.

ಲಾಕ್ ಆದ ಫೈಲ್ ಅಳಿಸಬೇಡಿ, ಹೆಸರು ತಿದ್ದಬೇಡಿ. ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಇನ್ನೊಂದು ಕಂಪ್ಯೂಟರಿನಿಂದ "ನೋ ಮೋರ್ ರ್‍ಯಾನ್ಸಮ್" ಸೈಟಿಗೆ ಹೋಗಿ. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರುಮಾಡಿದ್ದು. ಅಲ್ಲಿ ಚೀಟಿಯನ್ನೂ ಲಾಕ್ ಆದ ಒಂದು ಸಣ್ಣ ಫೈಲನ್ನೂ ಹಾಕಿದರೆ ಯಾವ ಜಾತಿ, ಬಿಡಿಸುವ ಕೀಲಿ ಇದೆಯಾ ಅಂತ ಹೇಳುತ್ತದೆ. ಪುಕ್ಕಟೆ. ಕೀಲಿ ಸಿಗದಿದ್ದರೂ ಲಾಕ್ ಆದ ಫೈಲ್‌ಗಳನ್ನು ಒಂದು ಡಿಸ್ಕ್‌ಗೆ ಹಾಕಿ ಎತ್ತಿಡಿ, ಕೆಲವು ಜಾತಿಗಳ ಕೀಲಿ ತಡವಾಗಿ ಹೊರಬಂದಿದೆ.

ಗಂಜ್‌ನ ಅಂಗಡಿಗಳಲ್ಲಿ, ದಾಲ್ ಮಿಲ್ ಲೆಕ್ಕದ ಕಂಪ್ಯೂಟರ್‌ಗಳಲ್ಲಿ ಒಂದು ಅಭ್ಯಾಸವಿದೆ. ಟ್ಯಾಲಿಯ ಬ್ಯಾಕಪ್ ತೆಗೆದ ಪೆನ್ ಡ್ರೈವ್ ಅಲ್ಲೇ ಹಚ್ಚಿ ಬಿಟ್ಟಿರುತ್ತಾರೆ. ಹಚ್ಚಿದ್ದೆಲ್ಲ ಲಾಕ್ ಆಗುತ್ತದೆ, ಬ್ಯಾಕಪ್ ಸಮೇತ. ಬ್ಯಾಕಪ್ ಮುಗಿದ ಕೂಡಲೇ ಕಿತ್ತು ಬೀರುವಿನಲ್ಲಿಡಿ. ಎರಡು ಡ್ರೈವ್ ಇಟ್ಟು ವಾರಕ್ಕೊಂದರಂತೆ ಬದಲಿಸಿದರೆ ಇನ್ನೂ ಒಳ್ಳೆಯದು.

ದೂರು ಕೊಡಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಸೈಟಿನಲ್ಲಿ ಕೊಡಬಹುದು, ಇಲ್ಲವೇ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ವ್ಯಾಪಾರದ ಲೆಕ್ಕ ಹೋಗಿದ್ದರೆ ಆ ದೂರಿನ ಪ್ರತಿ ಮುಂದೆ ಕೆಲಸಕ್ಕೆ ಬರುತ್ತದೆ.

## ಅಂಗಡಿಗೆ ಕೊಡಲೇಬೇಕಾದರೆ

ಸ್ಕ್ಯಾನ್ ಮಾಡಿದರೂ ಮತ್ತೆ ಮತ್ತೆ ಬರುತ್ತಿದ್ದರೆ, ಡಿಸ್ಕ್ ಸದ್ದು ಮಾಡುತ್ತಿದ್ದರೆ, ವಿಂಡೋಸ್ ಏಳುತ್ತಲೇ ಇಲ್ಲದಿದ್ದರೆ ನಿಮ್ಮ ಪ್ರಯತ್ನ ಅಲ್ಲಿಗೆ ಸಾಕು, ತಿಳಿದವರ ಕೈಗೆ ಕೊಡಿ. ಕೊಡುವ ಮುಂಚೆ ಫೋಟೋ, ದಾಖಲೆ ನೀವೇ ಕಾಪಿ ಮಾಡಿಕೊಳ್ಳಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಅಳಿಸಿ, ಮೇಲ್‌ನಿಂದ ಸೈನ್ ಔಟ್ ಆಗಿ. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ತಾನಾಗಿ ಬಿದ್ದಿರಬಹುದು. ಅದರ 48 ಅಂಕಿಗಳ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿರುತ್ತದೆ, ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಅಂಗಡಿಯವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿ: "ಅಣ್ಣಾ, ಕ್ರ್ಯಾಕ್ ಹಾಕಬ್ಯಾಡ್ರಿ." ಲ್ಯಾಪ್‌ಟಾಪ್ ಜೊತೆ ವಿಂಡೋಸ್ 10 ಅಥವಾ 11 ಬಂದಿದ್ದರೆ ಅದರ ಲೈಸೆನ್ಸ್ ಯಂತ್ರದೊಳಗೇ ಇರುತ್ತದೆ. ಅದೇ ಬಗೆಯ ವಿಂಡೋಸ್ ಮತ್ತೆ ಹಾಕಿ ನೆಟ್ ಹಚ್ಚಿದರೆ ತಾನೇ ಆ್ಯಕ್ಟಿವೇಟ್ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ವಿಂಡೋಸ್‌ನ ಹೋಮ್ ಬಗೆ ಬಂದಿದ್ದ ಯಂತ್ರಕ್ಕೆ ಪ್ರೋ ಬಗೆ ಹಾಕಿದಾಗಲೇ ಕ್ರ್ಯಾಕ್ ಬೇಕಾಗುವುದು. ಆಫೀಸ್ ಬದಲು ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಹಾಕಿಸಿಕೊಳ್ಳಿ, ಪತ್ರ ಬರೆಯಲು, ಲೆಕ್ಕ ಇಡಲು ಮನೆಗೆ ಸಾಕು. ಕನ್ನಡ ಟೈಪಿಂಗ್‌ಗೆ ವಿಂಡೋಸ್‌ನಲ್ಲೇ ಕೀಬೋರ್ಡ್ ಇದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ 11ಕ್ಕೆ ಏರುತ್ತದಾ ಅಂತ ಅವರಿಂದಲೇ ಪರೀಕ್ಷೆ ಮಾಡಿಸಿ. ವಾಪಸ್ ತಂದ ಮೇಲೆ ಮನೆಯಲ್ಲಿ ನಾಲ್ಕು ಕಡೆ ಕಣ್ಣಾಡಿಸಿ: ತಾರೀಖು ಸರಿ ಇದೆಯಾ, ಡಿಫೆಂಡರ್ ಆನ್ ಇದೆಯಾ, ಎಕ್ಸ್‌ಕ್ಲೂಶನ್ಸ್ ಪಟ್ಟಿ ಖಾಲಿಯಾ, ವಿಂಡೋಸ್ ಅಪ್‌ಡೇಟ್ ಓಡುತ್ತಿದೆಯಾ. ಯಾವುದಾದರೂ ಒಂದು ತಪ್ಪಿದ್ದರೆ ಹಳೇ ಪಾಸ್‌ವರ್ಡ್ ಯಾವುದನ್ನೂ ಅದರಲ್ಲಿ ಹಾಕದೆ, ಅವತ್ತೇ ವಾಪಸ್ ಒಯ್ದು ಸರಿಮಾಡಿಸಿಕೊಳ್ಳಿ.